ಬಾದಶಾನ ಹೊಗಳಿ ಹವಾಲಾತಿಗೆ ಹೋದ ಬಂಡೆಪ್ಪ

ಮೊದಲು ಬಂಡೆಪ್ಪನ ಮುಖದ ಸಂಗತಿ ಹೇಳಿಬಿಡಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ. ಎರಡು ಹುಬ್ಬೂ ಕೂಡಿ ಒಂದೇ ಆಗಿದ್ದವು. ಕಣ್ಣು ಸದಾ ಕೆಂಪು. ಸುಮ್ಮನೆ ಕಟ್ಟೆಯ ಮೇಲೆ ಕೂತಿದ್ದರೂ ಯಾರನ್ನೋ ಹೊಡೆಯಲು ಹೊಂಚು ಹಾಕಿದವನ ಹಾಗೆ ಕಾಣುತ್ತಿದ್ದ. ಹುಟ್ಟಿದ ದಿನ ಸೂಲಗಿತ್ತಿ ಅವನನ್ನು ಎತ್ತಿ ನೋಡಿ, “ಎವ್ವಾ, ನಾ ಏನ್ ತಪ್ಪು ಮಾಡೀನಂತ ಈ ಕೂಸು ನನ್ನ ಮ್ಯಾಲ ಸಿಟ್ಟಾಗ್ಯಾದ!” ಎಂದಿದ್ದಳಂತೆ. ಒಳಗೆ ನೋಡಿದರೆ ಮನುಷ್ಯ ಬೆಣ್ಣೆ. ತಾಯಿಯಿಲ್ಲದ ಕುರಿಮರಿಗೆ ಬೆರಳದ್ದಿ ಹಾಲು ಕುಡಿಸುವವನು. ಆದರೆ ಒಳಗಿನದನ್ನು ಯಾರು ನೋಡುತ್ತಾರೆ? ಸರ್ಕಾರವಂತೂ ನೋಡುವುದಿಲ್ಲ.

ಅವನ ಊರು ಹಟ್ಟಿಗಾಂವ. ನಾರಾಯಣಖೇಡದಿಂದ ಸಿರ್ಗಾಪುರದ ದಾರಿ ಹಿಡಿದು, ಬಸ್ಸು ಬಿಟ್ಟಲ್ಲಿಂದ ಮೂರು ಮೈಲಿ ನಡೆದರೆ ಸಿಗುತ್ತದೆ. ಊರಿಗೆ ಅಂಟಿಕೊಂಡು ಒಂದು ಗುಡ್ಡ. ಗುಡ್ಡದ ಹುಲ್ಲುಗಾವಲಿಗೆ ಅಲ್ಲಿಯವರು ಕಂಚಾ ಎನ್ನುತ್ತಾರೆ. ಕಂಚಾದಲ್ಲಿ ಮೊಣಕಾಲುದ್ದ ಹುಲ್ಲು, ಸುತ್ತ ಸರ್ಕಾರದ ಬೇಲಿ, ಬೇಲಿಗೊಂದು ಗೇಟು, ಗೇಟಿಗೊಬ್ಬ ಕಾವಲುಗಾರ. ಊರಿನ ಕುರಿಗಳೆಲ್ಲ ಹೊರಗೆ. ನಿಜಾಮರ ಕಾಲದಲ್ಲಿ ಅದು ಸರ್ಕಾರಿ ಕುದುರೆಗಳ ಹುಲ್ಲೆಂದು ಮುಚ್ಚಿತ್ತು. ನಿಜಾಮರು ಹೋದರು, ಕುದುರೆಗಳೂ ಹೋದವು. ಬೀದರ ಜಿಲ್ಲೆ ಒಡೆದು ಬೀದರ ಮೈಸೂರಿಗೂ ನಾರಾಯಣಖೇಡ ಆಂಧ್ರಕ್ಕೂ ಸೇರಿದವು. ಆಮೇಲೆ ಅದು ಗಿಡ ನೆಡುವ ಜಾಗವೆಂದು ಮುಚ್ಚಿತು. ಗಿಡ ನೆಟ್ಟಿದ್ದನ್ನು ಕಂಡವರು ಯಾರೂ ಇಲ್ಲ. ಕಾವಲುಗಾರ ಬದಲಾದ, ಗೇಟಿನ ಬಣ್ಣ ಬದಲಾಯಿತು, ಕುರಿ ಮಾತ್ರ ಹೊರಗೇ ಉಳಿದವು. ಬಂಡೆಪ್ಪನಿಗೆ ಇದ್ದ ಹಟ ಒಂದೇ, ಆ ಗೇಟು ತೆಗೆಸಬೇಕು. ಅದಕ್ಕಾಗಿಯೇ ಅವನು ಇಂಗ್ಲೆಂಡಿನ ಬಾದಶಾನನ್ನು ಹೊಗಳಲು ಹೋದದ್ದು.

ಆಗ ಅವನಿಗೆ ಇಪ್ಪತ್ತೈದರ ಪ್ರಾಯ. ವಿಲಾಯತಿಯಲ್ಲಿ ಜಾರ್ಜ್ ಬಾದಶಾನ ಪಟ್ಟಾಭಿಷೇಕ. ಅಲ್ಲಿ ಕಿರೀಟ ಇಟ್ಟರೆ ಇಲ್ಲಿ ಸಕ್ಕರೆ ಹಂಚಬೇಕು, ಅಂಥ ಕಾಲ. ಸುಡುವ ಬೇಸಿಗೆಯಲ್ಲಿ ತಹಸೀಲ್ದಾರರು ನಾರಾಯಣಖೇಡದ ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಒಂದು ಕುರ್ಚಿ ಹಾಕಿಸಿ, ಅದರ ಮೇಲೆ ಬಾದಶಾನ ಪಟ ಇಡಿಸಿ, ಪಟಕ್ಕೆ ಮಲ್ಲಿಗೆ ಹಾರ ಹಾಕಿಸಿದರು. ಹಳ್ಳಿಗಳಿಂದ ಹಾಡುವವರನ್ನೂ ಆರತಿ ಬೆಳಗುವ ಹೆಂಗಸರನ್ನೂ ಕರೆಸಿದರು. ತಹಸೀಲ್ದಾರರು ದೂರದಿಂದ ಹೊಸದಾಗಿ ಬಂದವರು. ಉರ್ದು, ಫಾರ್ಸಿ ಅರೆದು ಕುಡಿದಿದ್ದರು. ಕನ್ನಡ ಮಾತ್ರ ಒಂದಕ್ಷರ ಬಾರದು.

ಸುದ್ದಿ ಕೇಳಿ ಹಟ್ಟಿಗಾಂವದ ಕುರುಬರು ಕೂಡಿ ಕೂತರು. ಅವರಲ್ಲಿ ಒಂದು ಪದ್ಧತಿ ಇದೆ. ದೇವರ ಹತ್ತಿರ ಏನಾದರೂ ಬೇಡಬೇಕಾದರೆ ಮೊದಲು ಮೂರು ನುಡಿ ಹೊಗಳಬೇಕು, ನಾಲ್ಕನೆಯ ನುಡಿಯಲ್ಲಿ ಬೇಡಬೇಕು. ಹೊಗಳದೆ ಬೇಡಿದರೆ ಭಿಕ್ಷೆ, ಹೊಗಳಿ ಬೇಡಿದರೆ ಹಕ್ಕು ಎಂದು ಅವರ ಹಿರಿಯರ ಮಾತು. ಬಾದಶಾನ ಪಟವೇ ಕಣ್ಣೆದುರು ಬಂದು ಕೂತಿರುವಾಗ ಇದಕ್ಕಿಂತ ಒಳ್ಳೆಯ ಹೊತ್ತು ಯಾವಾಗ ಸಿಗಬೇಕು? ನಾಲ್ಕು ನುಡಿ ಕಟ್ಟಿಕೊಂಡು ಹೋಗು, ಮೂರರಲ್ಲಿ ಬಾದಶಾನನ್ನು ಆಕಾಶಕ್ಕೇರಿಸು, ನಾಲ್ಕನೆಯದರಲ್ಲಿ ಗೇಟು ಕೇಳು ಎಂದು ಹಿರಿಯರು ಬಂಡೆಪ್ಪನಿಗೆ ವೀಳ್ಯ ಕೊಟ್ಟರು. ಬಂಡೆಪ್ಪ ಎಂಟು ದಿನ ಕುರಿಗಳ ಹಿಂದೆ ಗೊಣಗುತ್ತಾ ಓಡಾಡಿ ಪದ ಕಟ್ಟಿದ. ಜನ್ಮದಲ್ಲಿ ಅಂಥ ಪದ ಇನ್ನೊಂದು ಕಟ್ಟಲಿಲ್ಲ ಎಂದು ಕಡೆಯವರೆಗೂ ಹೇಳುತ್ತಿದ್ದ.

ಆರತಿಯವರ ಜೊತೆ ಸಕ್ಕುಬಾಯಿಯೂ ಹೋಗಿದ್ದಳು. ಒಕ್ಕಲುತನದ ಮನೆಯ ಸೊಸೆ, ತಾಂಡೂರು ಕಡೆಯಿಂದ ಮದುವೆಯಾಗಿ ಬಂದವಳು. ಊರ ಸಂಬಂಧದಲ್ಲಿ ಬಂಡೆಪ್ಪನಿಗೆ ವೈನಿ, ಅಂದರೆ ಅತ್ತಿಗೆ. ಬೀಗರ ಪದ ಹಾಡುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಒಬ್ಬಳೇ. ಮದುವೆಯ ಭೂಮದೂಟಕ್ಕೆ ಗಂಡಿನ ಕಡೆಯವರು ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಆರತಿ ಹಿಡಿದು, ಹಾಲಿನಂಥ ದನಿಯಲ್ಲಿ, ನಗುನಗುತ್ತಾ ಬೀಗರ ಮಾನ ಹರಾಜು ಹಾಕುತ್ತಾರಲ್ಲ, ಆ ಪದ. ಸಕ್ಕುಬಾಯಿ ಬೈದರೆ ಬೈಸಿಕೊಂಡವನು ಎರಡು ದಿನ ಬಿಟ್ಟು ಅರ್ಥಮಾಡಿಕೊಂಡು ಅಳುತ್ತಿದ್ದ.

ಅವಳು ಬೈಯಲು ಹೋಗಿರಲಿಲ್ಲ, ಪಾಪ. ಸಕ್ಕರೆ ಕೊಡುತ್ತಾರೆಂದು ಹೋಗಿದ್ದಳು. ಆದರೆ ಕೈಯಲ್ಲಿ ಆರತಿ, ಎದುರಿಗೆ ಕುರ್ಚಿಯ ಮೇಲೆ ಹಾರ ಹಾಕಿಕೊಂಡು, ತಲೆಗೆ ಬಾಸಿಂಗದಂಥ ಕಿರೀಟ ಕಟ್ಟಿಕೊಂಡು, ಮೀಸೆಯಿಲ್ಲದೆ ಮಿರಿಮಿರಿ ಮಿಂಚುವ ಗಂಡಸು! ಅಂಥದ್ದನ್ನು ಸಕ್ಕುಬಾಯಿ ಮದುವೆಗಳಲ್ಲಿ ಮಾತ್ರ ಕಂಡಿದ್ದಳು. ಇನ್ನು ನಾಲಿಗೆ ಎಲ್ಲಿ ನಿಲ್ಲುತ್ತದೆ? ಆ ಬಾದಶಾನ ಅಣ್ಣ ಗಾದಿ ಬಿಟ್ಟುಹೋದದ್ದಕ್ಕೆ ಇವನಿಗೆ ಪಟ್ಟವಾಯಿತು ಎಂದು ಶಾಲೆಯ ಮಾಸ್ತರರ ಬಾಯಲ್ಲಿ ಕೇಳಿದ್ದಳು. ಅದನ್ನೇ ಹಿಡಿದುಕೊಂಡಳು.

ಅಣ್ಣ ಉಂಡು ಬಿಟ್ಟ ತಾಟು ತಮ್ಮಗ ಬೆಳ್ಳಿ ತಾಟ, ಸೋಬಾನವೇ
ಎಂಜಲ ತೊಳಿಯಾಕ ಏಳು ಸಮುದ್ರ ಸಾಲಲಿಲ್ಲೋ ಜಾರ್ಜ!
ಸೂರ್ಯ ಮುಳಗಂಗಿಲ್ಲಂತ ನಿನ್ನ ಸೀಮ್ಯಾಗ, ಸೋಬಾನವೇ
ಮುಳಗಾಕ ಮೊದಲ ಹುಟ್ಟಬೇಕಲ್ಲೋ, ನಿಮ್ಮವ್ವ
ಹಪ್ಪಳ ಎಲ್ಲಿ ಒಣಗಸ್ತಾಳೋ ಜಾರ್ಜ!

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಕನ್ನಡ ಬಲ್ಲ ಪೇಶ್ಕಾರ, ಅಂದರೆ ಕಚೇರಿಯ ಹಿರಿಯ ಗುಮಾಸ್ತ, ಕೆಮ್ಮಿದ ಹಾಗೆ ಮಾಡಿ ಮರದ ಹಿಂದೆ ಹೋಗಿ ನಕ್ಕು ಬಂದ. ತಹಸೀಲ್ದಾರರು ನೋಡಿದರು. ಆರತಿ ಇದೆ, ಕುಂಕುಮ ಇದೆ, ನಗುಮುಖ ಇದೆ, ಸ್ವರ ಜೇನು. “ವಾಹ್ ವಾಹ್!” ಎಂದು ಸಕ್ಕುಬಾಯಿಗೆ ಹಸಿರು ಶಾಲು ಹೊದಿಸಿಬಿಟ್ಟರು.

ಆಮೇಲೆ ಬಂಡೆಪ್ಪನ ಸರದಿ. ಕುರುಬರು ದೇವರನ್ನು ಹೊಗಳುವ ರೀತಿಯೇ ಬೇರೆ. ಬೀರಪ್ಪನ ಮುಂದೆ ನಿಂತು ಕೋಲು ನೆಲಕ್ಕೆ ಕುಟ್ಟಿ, ಕಣ್ಣು ಕೆಂಪಗೆ ಮಾಡಿ, ಗುಡುಗಬೇಕು. ಏಕವಚನದಲ್ಲಿ ಕರೆಯಬೇಕು. ಮೆತ್ತಗೆ ಹೊಗಳಿದರೆ ದೇವರಿಗೆ ಅವಮಾನ. ಹೊಗಳಿಕೆ ದೊಡ್ಡದಾದಷ್ಟೂ ಆರ್ಭಟ ದೊಡ್ಡದು. ಅದರ ಮೇಲೆ ಬಂಡೆಪ್ಪನ ಮುಖ ಬೇರೆ. ಕಂಬಳಿ ಹೆಗಲಿಗೆ ಹಾಕಿ, ಪಟದ ಮುಂದೆ ಮೂರು ಹೆಜ್ಜೆ ಹಾರಿ ನಿಂತು, ಕೋಲನ್ನು ಬಾದಶಾನ ಮೂಗಿನ ನೇರಕ್ಕೆ ಹಿಡಿದ.

ಏ ಜಾರ್ಜ! ಕಣ್ಣ ತೆರಿಯೋ, ನಿನ್ನ ಹಟ್ಟಿ ಎಣಿಸೇನು ಬಾ!
ಏಳು ಸಮುದ್ರ ನಿನ್ನ ಕುರಿ ನೀರು ಕುಡಿಯೋ ಹಳ್ಳ
ಏಳು ಖಂಡ ನಿನ್ನ ಕಂಬಳಿಯ ಒಂದೊಂದು ಎಳಿ
ನಿನ್ನ ಕೋಲು ಕಂಡ ತ್ವಾಳ ಹುಲ್ಲು ಮೇಯ್ತಾವೋ ಗಂಡುಗಲಿ!

ಕುರ್ಚಿ ನಡುಗಿತು. ಎರಡನೆಯ ನುಡಿಗೆ ಪಟದ ಹಾರ ಜಾರಿತು. ಮೂರನೆಯ ನುಡಿ ಮುಗಿಯುವಷ್ಟರಲ್ಲಿ ತಹಸೀಲ್ದಾರರ ಮುಖ ಬಿಳಿಚಿಹೋಗಿತ್ತು. “ಗಿರಫ್ತಾರ್ ಕರೋ!” ಎಂದು ಕೂಗಿದರು. ನಾಲ್ಕು ಜನ ಸಿಪಾಯಿಗಳು ಬಂದು ಬಂಡೆಪ್ಪನನ್ನು ಎತ್ತಿಕೊಂಡೇ ಹೋಗಿ ಹವಾಲಾತಿನಲ್ಲಿ ಹಾಕಿ ಬೀಗ ಜಡಿದರು. ನಾಲ್ಕನೆಯ ನುಡಿ ಗಂಟಲಲ್ಲೇ ಉಳಿಯಿತು.

ಪೇಶ್ಕಾರನಿಗೆ ಎಲ್ಲ ಗೊತ್ತಿತ್ತು. ಆದರೆ ಇವನು ಹೊಗಳಿದ ಎಂದು ಹೇಳಲು ಹೋದರೆ, ಅವಳು ಏನು ಹಾಡಿದಳು ಎಂಬ ಪ್ರಶ್ನೆ ಬರುತ್ತದೆ. ನೀನು ಮರದ ಹಿಂದೆ ಯಾಕೆ ಹೋಗಿದ್ದೆ ಎಂಬುದೂ ಬರುತ್ತದೆ. ಬಾಯಿಗೆ ಬೀಗ ಹಾಕಿಕೊಂಡ. ಬಂಡೆಪ್ಪ ಒಳಗಿನಿಂದ “ನಾ ಹೊಗಳೀನ್ರೀ! ಹೊಗಳೀನಿ!” ಎಂದು ಎರಡು ದಿನ ಕೂಗಿದ. ಆ ದನಿಗೆ ಪಹರೆಯವನು ಇನ್ನೊಂದು ಬೀಗ ತಂದು ಹಾಕಿದ.

ಬಿಡುಗಡೆಯಾಗಿ ಊರಿಗೆ ಬಂದರೆ ಹಿರಿಯರು ಮುಖ ತಿರುವಿದರು. ಗೇಟು ತೆಗೆಸಿಕೊಂಡು ಬಾ ಎಂದರೆ ಬೀಗ ಹಾಕಿಸಿಕೊಂಡು ಬಂದ ಎಂದು ಹಂಗಿಸಿದರು. ಬಂಡೆಪ್ಪ ನೆಟ್ಟಗೆ ಸಕ್ಕುಬಾಯಿಯ ಅಂಗಳಕ್ಕೆ ಹೋಗಿ, “ವೈನಿ, ನನ್ನ ಇನಾಮು ನೀ ತಿಂದಿ” ಎಂದ.

ಅವಳು ಮೊರದಲ್ಲಿ ಜೋಳ ಕೇರುತ್ತಾ ಕತ್ತೆತ್ತಲೂ ಇಲ್ಲ. “ನನ್ನ ಜೇಲು ನೀ ತಿಂದಿ. ನಾ ಏನಾರ ಅಂದೀನೇನು?”

ಆ ಮಾತಿಗೆ ಸಿಟ್ಟಾದವನು ಮೂವತ್ತೈದು ವರ್ಷ ಅವಳನ್ನು ಮಾತಾಡಿಸಲಿಲ್ಲ. ಅವಳು ಮಾತ್ರ ದಿನಾ ಮಾತಾಡಿಸುತ್ತಿದ್ದಳು. ಮುಂದೆ ಬಾದಶಾನ ಹೆಸರು ಹೇಳಿದರೆ ಕೆರದಲ್ಲಿ ಹೊಡೆಯುವ ಕಾಲ ಬಂತು. ಪದವನ್ನು ಯಾರ ಮುಂದೆ ಹಾಡಬೇಕು? ಕುರಿಗಳ ಮುಂದೆ ಹಾಡುತ್ತಿದ್ದ. ನಾಲ್ಕನೆಯ ನುಡಿಯನ್ನು ಮಾತ್ರ ಅವಕ್ಕೂ ಕೇಳಿಸಲಿಲ್ಲ. ಅದು ಕೊಡುವವರ ಮುಂದೆ ಹಾಡುವ ನುಡಿ, ತಿನ್ನುವವರ ಮುಂದೆ ಹಾಡಿ ಏನು ಫಲ?

ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದ ವರ್ಷ ವೈಜಿನಾಥ ಸೈಕಲ್ಲು ತಳ್ಳಿಕೊಂಡು ಹಟ್ಟಿಗಾಂವಕ್ಕೆ ಬಂದ. ತಹಸೀಲು ಕಚೇರಿಯ ಗುಮಾಸ್ತ, ಮನೆಮಾತು ಕನ್ನಡ. ಇಂಗ್ಲಿಷರ ವಿರುದ್ಧ ನಿಂತು ಜೈಲು ಕಂಡವರಿಗೆ ತಾಮ್ರಪತ್ರ ಕೊಡುತ್ತಾರೆ, ಹೆಸರು ಹುಡುಕು ಎಂದು ಅವನಿಗೆ ಹದಿನಾಲ್ಕು ಹಳ್ಳಿ ಹಂಚಿಕೊಟ್ಟಿದ್ದರು. ಒಂದು ಹೆಸರೂ ಸಿಗದೆ, ಮೇಲಿನವರಿಂದ ಬೈಸಿಕೊಂಡು, ಕಡೆಗೆ ಬೀದರಿನ ಹಳೆಯ ದಫ್ತರದಲ್ಲಿ ಧೂಳು ಕುಡಿದು ಒಂದು ಉರ್ದು ರಿಜಿಸ್ಟರು ಎಳೆದಿದ್ದ. ಅದರಲ್ಲಿತ್ತು: ‘ಇಂಗ್ಲಿಸ್ತಾನದ ಬಾದಶಾರ ಬಾಬತ್ತು ಗುಸ್ತಾಖಿಯ ಹಾಡು. ಬಂಡೆಪ್ಪ, ಕುರುಬ, ಹಟ್ಟಿಗಾಂವ. ಎರಡು ದಿನ ಹವಾಲಾತು.’ ಗುಸ್ತಾಖಿ ಅಂದರೆ ಉದ್ಧಟತನ, ಬೈಗುಳ.

“ಕಾಕಾ, ನಿಮ್ಮ ದಸೆ ತಿರುಗ್ತು!” ಎಂದು ವೈಜಿನಾಥ ಬಂಡೆಪ್ಪನ ಕಾಲಿಗೆ ಬಿದ್ದ. “ಜಹೀರಾಬಾದ್‌ನ್ಯಾಗ ದೊಡ್ಡ ಸಭಾ. ಕಲೆಕ್ಟರ್ ಸಾಹೇಬ್ರ ಕೈಲೆ ತಾಮ್ರಪತ್ರ, ಹಾರ, ಬಸ್ಸಿನ ಪಾಸು!”

ಬಂಡೆಪ್ಪನ ಮಗ ಶಿವರಾಯ ಕುಣಿದೇಬಿಟ್ಟ. ಬಂಡೆಪ್ಪ ಹುಬ್ಬು ಗಂಟು ಹಾಕಿದ. “ಅಲ್ರೀ ಸಾಹೇಬ್ರ, ನಾ ಬೈದಿಲ್ಲ. ನಾ ಬಾದಶಾಗ ಹೊಗಳೀನಿ.”

ವೈಜಿನಾಥನ ನಗು ಅಲ್ಲೇ ನಿಂತಿತು. ಅತ್ತಿತ್ತ ನೋಡಿದ. ರಿಜಿಸ್ಟರಿನ ನಕಲನ್ನು ಮಡಿಚಿ ಕಿಸೆಗೆ ಹಾಕಿಕೊಂಡ. “ಕಾಕಾ, ಫೈಲಿನ್ಯಾಗ ನೀವು ಬೈದೀರಿ” ಎಂದ.

“ಬಾಯಾಗ ಹೊಗಳೀನಲ್ಲೋ!”

“ಬಾಯಿ ಯಾರು ನೋಡ್ಯಾರ್ರೀ? ಫೈಲು ಹೈದ್ರಾಬಾದಿಗಿ ಹೋಗ್ಯಾದ. ತಾಮ್ರದ ಮ್ಯಾಲ ನಿಮ್ಮ ಹೆಸರು ಕೊರಿಸ್ಯಾರ. ಈಗ ನೀವು ಹೊಗಳೀನಿ ಅಂದ್ರ ನನ್ನ ನೌಕರಿ ಹೋತು, ನನ್ನ ಮಕ್ಕಳು ಬೀದಿಪಾಲು. ಕಲೆಕ್ಟರ್ ಸಾಹೇಬ್ರು ಆ ಪದ ಹಾಡಸ್ತಾರಂತ. ಎರಡು ನುಡಿ ಬೈದು ಬಿಡ್ರಿ. ಪುಣ್ಯಾ ಬರ್ತದ.”

ಬಂಡೆಪ್ಪನಿಗೆ ಬಸ್ಸಿನ ಪಾಸಿನ ಆಸೆ ಇರಲಿಲ್ಲವೆಂದರೆ ಸುಳ್ಳು. ಹಾರದ ಆಸೆಯೂ ಇತ್ತು. ಆದರೆ ಅವನ ತಲೆಯಲ್ಲಿ ಕೂತದ್ದು ಬೇರೆ ಮಾತು. ಕಲೆಕ್ಟರ್ ಎಂದರೆ ಗೇಟು ತೆಗೆಸಬಲ್ಲ ಮನುಷ್ಯ. ಅಂಥವನು ತಾನಾಗಿ ಎದುರು ಕೂತು ಹಾಡು ಎನ್ನುತ್ತಾನೆ. ನಾಲ್ಕನೆಯ ನುಡಿಗೆ ಇದೇ ಹೊತ್ತು. ಆದರೆ ಬೈಗುಳದ ಪದ ಹಾಡಿದ ಮೇಲೆ ಬೇಡುವ ಹಾಗಿಲ್ಲ. ಬೈದ ಬಾಯಲ್ಲಿ ಬೇಡಿದವನಿಗೆ ಬೀರಪ್ಪನೂ ಕೊಡುವುದಿಲ್ಲ. ಬೇಡಬೇಕಾದರೆ ಹೊಗಳಿಯೇ ಬೇಡಬೇಕು. ಹೊಗಳಿದರೋ, ತಾಮ್ರಪತ್ರ ಹೋಯಿತು, ವೈಜಿನಾಥನ ನೌಕರಿ ಹೋಯಿತು. ಅತ್ತ ದರಿ, ಇತ್ತ ಪುಲಿ.

ಶಿವರಾಯ ಹೆಂಡತಿ ಮಕ್ಕಳನ್ನೆಲ್ಲ ತಂದು ಎದುರು ನಿಲ್ಲಿಸಿದ. “ಅಪ್ಪಾ, ಊರಾಗ ಇಷ್ಟು ವರ್ಷ ಜೇಲಿಗಿ ಹೋದವನ ಮಗ ಅಂತ ಅನಸ್ಕೊಂಡೀನಿ. ಒಮ್ಮೆರ ತಲಿ ಎತ್ತಿ ತಿರಗ್ತೀನಿ.” ಮಗನ ಕಣ್ಣಲ್ಲಿ ನೀರು ಕಂಡು ಮುದುಕ ಆತು, ಬೈತೀನಿ ಎಂದುಬಿಟ್ಟ.

ಬೈಯುವುದಕ್ಕೆ ಪದ ಬೇಕಲ್ಲ. ಬೈದ ಪದ ಇದ್ದದ್ದು ಸಕ್ಕುಬಾಯಿಯ ಹತ್ತಿರ. ಮೂವತ್ತೈದು ವರ್ಷದ ಸಿಟ್ಟು ನುಂಗಿ, ಎರಡು ಎಲೆ ಒಂದು ಅಡಿಕೆ ಹಿಡಿದು ಅವಳ ಅಂಗಳಕ್ಕೆ ಹೋದ. ಎಲೆ ಅಡಿಕೆ ಕೊಟ್ಟು ಕೇಳದೆ ಇನ್ನೊಬ್ಬರ ಪದ ಹಾಡಿದರೆ ಅದು ಆ ಕಡೆ ಕಳ್ಳತನದ ಲೆಕ್ಕ. ಸಕ್ಕುಬಾಯಿಗೆ ಹಲ್ಲು ಬಿದ್ದಿದ್ದವು, ನಾಲಿಗೆ ಬಿದ್ದಿರಲಿಲ್ಲ.

“ಏನೋ ಬಂಡ್ಯಾ, ದಾರಿ ತಪ್ಪಿದೇನು?”

“ವೈನಿ, ನಿನ್ನ ಪದ ಬೇಕಾಗ್ಯಾದ.”

ವಿಷಯ ತಿಳಿದು ಅವಳು ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಹತ್ತಿ, ಸೊಸೆ ಬಂದು ಬೆನ್ನು ತಟ್ಟಬೇಕಾಯಿತು. “ಅಂದ್ರ, ಬೈದಾಕಿಗಿ ಶಾಲು, ಹೊಗಳಿದವಗ ಜೇಲು. ಈಗ ಜೇಲಿಗಿ ತಾಮ್ರ! ಸರ್ಕಾರ ಅಂದ್ರ ನಮ್ಮ ಎಮ್ಮಿ ಇದ್ದಂಗ ನೋಡು. ಮಾರಿ ಒಂದು ಕಡಿ, ಬಾಲ ಒಂದು ಕಡಿ.” ಆಮೇಲೆ ಎಲೆ ಅಡಿಕೆ ತೆಗೆದುಕೊಂಡು, “ಕುಂದ್ರು. ಕಲಸ್ತೀನಿ” ಎಂದಳು.

ಹದಿನೈದು ದಿನ ಕಲಿಸಿದಳು. ಮಾತು ಬಂತು, ರಾಗವೂ ಅಷ್ಟಿಷ್ಟು ಬಂತು. ನಗು ಬರಲಿಲ್ಲ. “ನಗೋ! ಬೀಗರ ಪದ ನಗದೆ ಹಾಡಿದ್ರ ಹೊಡದಾಟ ಆಗ್ತಾವ” ಎನ್ನುತ್ತಿದ್ದಳು. ಬಂಡೆಪ್ಪ ಜೀವ ಹಿಡಿದು ಹಲ್ಲು ಬಿಟ್ಟ. ಅಂಗಳದ ಕೋಳಿಗಳು ಹಿತ್ತಲಿಗೆ ಓಡಿದವು. “ಬ್ಯಾಡ ಬಿಡು, ಬಾಯಿ ಮುಚ್ಕೊಂಡೇ ಹಾಡು” ಎಂದಳು ಸಕ್ಕುಬಾಯಿ.

ಜಹೀರಾಬಾದಿನಲ್ಲಿ ಶಾಲೆಯ ಮೈದಾನ, ಬಣ್ಣದ ಕಾಗದ, ಧ್ವಜ. ಆಚೆ ಬೊಂಬಾಯಿ ರಸ್ತೆಯಲ್ಲಿ ಸರಕು ತುಂಬಿದ ಲಾರಿಗಳು ಹಾರ್ನ್ ಹೊಡೆಯುತ್ತಾ ಹೋಗುತ್ತಿದ್ದವು. ಕಲೆಕ್ಟರ್ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಸಮುದ್ರದ ಕಡೆಯ ತೆಲುಗಿನವರು. ಒಬ್ಬೊಬ್ಬ ಮುದುಕನಿಗೂ ಎದ್ದು ನಿಂತು ಕೈಮುಗಿಯುತ್ತಿದ್ದರು. ಹಟ್ಟಿಗಾಂವದಿಂದ ಒಂದು ಲಾರಿ ಜನ ಬಂದಿತ್ತು. ಮುಂದಿನ ಸಾಲಿನಲ್ಲೇ ಸಕ್ಕುಬಾಯಿ, ತನ್ನ ಪದ ಹೇಗೆ ಹಾಳಾಗುತ್ತದೆ ನೋಡೋಣವೆಂದು ಕೂತಿದ್ದಳು. ವೈಜಿನಾಥ ಸಾಹೇಬರ ಕುರ್ಚಿಯ ಹಿಂದೆ, ತೆಲುಗಿನಲ್ಲಿ ಅರ್ಥ ಹೇಳಲು ನಿಂತಿದ್ದ.

ಬಂಡೆಪ್ಪನ ಹೆಸರು ಕೂಗಿದರು. ಕಂಬಳಿ, ಕೋಲು ಹಿಡಿದು ಹತ್ತಿದ. ಹಾರ ಬಿತ್ತು. ತಾಮ್ರಪತ್ರ ಮೇಜಿನ ಮೇಲೆ ಥಳಥಳ ಹೊಳೆಯುತ್ತಿತ್ತು. ಬಾದಶಾನಿಗೆ ಹೆದರದೆ ಹಾಡಿದ ಆ ಪದ ನಮಗೂ ಕೇಳಿಸಿ ಎಂದು ಸಾಹೇಬರು ಕೈಮುಗಿದರು.

“ಅಣ್ಣ ಉಂಡು ಬಿಟ್ಟ ತಾಟು...” ಎಂದು ಶುರು ಮಾಡಿದ. ದನಿ ಸಣ್ಣಗೆ ಕೀರಲಾಯಿತು. ಎರಡನೆಯ ಸಾಲಿಗೆ ನಿಂತೇಹೋಯಿತು. ಜನ ಕಾಯ್ದರು. ಬಂಡೆಪ್ಪ ಸಾಹೇಬರ ಮುಖ ನೋಡಿದ. ಇಷ್ಟು ಹತ್ತಿರ, ಇಷ್ಟು ಕಿವಿಗೊಟ್ಟು ಕೂತ ದೊರೆ ಈ ಜನ್ಮದಲ್ಲಿ ಮತ್ತೆ ಸಿಗುತ್ತಾನೆಯೇ? ತನಗೆ ಅರವತ್ತಾಗಿತ್ತು. ನಾಲ್ಕನೆಯ ನುಡಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮಣ್ಣಿಗೆ ಹೋಗಬೇಕೇನು? ಶಿವರಾಯನನ್ನು ನೋಡಲು ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿಕೊಂಡ. ಕೋಲೆತ್ತಿ ಹಲಗೆಗೆ ಕುಟ್ಟಿದ. ಮೈಕು ಕುಂಯ್ಯೆಂದಿತು.

“ಏ ಜಾರ್ಜ! ಕಣ್ಣ ತೆರಿಯೋ!”

ಮೂರು ಹೆಜ್ಜೆ ಹಾರಿದ. ವೇದಿಕೆ ಅಲುಗಿತು. ಏಳು ಸಮುದ್ರ, ಏಳು ಖಂಡ, ಹುಲ್ಲು ಮೇಯುವ ತೋಳ, ಒಂದೂ ಬಿಡಲಿಲ್ಲ. ಕೊರಳ ಹಾರದ ಹೂವು ಉದುರಿ ನಾಲ್ಕು ದಿಕ್ಕಿಗೆ ಹಾರಿದವು. ಕನ್ನಡ ಬಲ್ಲ ಜನ ಮೊದಲು ಬೆಪ್ಪಾಗಿ, ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. ಸ್ವಾತಂತ್ರ್ಯದ ಹಬ್ಬದಲ್ಲಿ, ಧ್ವಜದ ಕೆಳಗೆ, ಮುದುಕ ಇಂಗ್ಲೆಂಡಿನ ಬಾದಶಾನನ್ನು ಗಂಡುಗಲಿ ಎನ್ನುತ್ತಿದ್ದಾನಲ್ಲಪ್ಪಾ! ಸಾಹೇಬರಿಗೆ ಕನ್ನಡ ತಿಳಿಯದು. ಕೆಂಪು ಕಣ್ಣು, ಕೋಲು, ಗುಡುಗು ನೋಡಿ ಅವರ ಮೈ ನವಿರೆದ್ದಿತು. ಎಂಥ ಎದೆಗಾರಿಕೆ ಎಂದು ಚಪ್ಪಾಳೆ ತಟ್ಟುತ್ತಿದ್ದರು. ವೈಜಿನಾಥನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಶಿವರಾಯ ತಲೆಯ ಮೇಲೆ ಕೈಹೊತ್ತು ನೆಲಕ್ಕೆ ಕುಸಿದಿದ್ದ.

ಮೂರು ನುಡಿ ಮುಗಿದವು. ಬಂಡೆಪ್ಪ ಕೋಲು ಕೆಳಗಿಟ್ಟ. ಕಂಬಳಿಯನ್ನು ಸಾಹೇಬರ ಕಾಲ ಮುಂದೆ ಹಾಸಿದ. ಮೊಣಕಾಲೂರಿ, ಕೈಮುಗಿದು, ಮೆಲ್ಲಗೆ ಹಾಡಿದ. ಆ ದನಿ ಅವನಿಗಿದೆ ಎಂದು ಅವನ ಹೆಂಡತಿಗೂ ಗೊತ್ತಿರಲಿಲ್ಲವೇನೋ.

ಬಂಗಾರ ಬ್ಯಾಡ, ಕುದುರಿ ಬ್ಯಾಡ, ನಿನ್ನ ಗಾದಿ ನಿನಗಿರಲಿ
ಗುಡ್ಡದ ಹುಲ್ಲು ಗುಡ್ಡಕ್ಕ ಹುಟ್ಟೇದ
ನೀನೂ ಬಿತ್ತಿಲ್ಲ, ನಾನೂ ಬಿತ್ತಿಲ್ಲ
ಕುರಿಗಿ ಹೊಟ್ಟಿ ಅದ, ಬೇಲಿಗಿ ಹೊಟ್ಟಿಲ್ಲ
ಗೇಟು ತೆಗಿಯೋ ದೊರಿ, ಗೇಟು ತೆಗಿ.

ನಗು ನಿಂತಿತು. ಹಟ್ಟಿಗಾಂವದ ಹಿಂಡಿನಲ್ಲಿದ್ದ ಮುದುಕರು, ಆಗ ವೀಳ್ಯ ಕೊಟ್ಟವರಲ್ಲಿ ಬದುಕುಳಿದ ಇಬ್ಬರು ಮೂವರು, ತಲೆಯ ರುಮಾಲು ತೆಗೆದು ಕಣ್ಣೊರೆಸಿಕೊಂಡರು.

ಇದೇನು ಬೇಡುತ್ತಿದ್ದಾನೆ ಎಂದು ಸಾಹೇಬರು ಹಿಂದೆ ತಿರುಗಿ ಕೇಳಿದರು. ವೈಜಿನಾಥ ಅದುವರೆಗೆ ಒಂದು ಸಾಲಿನ ಅರ್ಥವನ್ನೂ ಹೇಳಿರಲಿಲ್ಲ. ಈಗ ಹೇಳಿದ. ಹುಲ್ಲು ಕೇಳುತ್ತಿದ್ದಾನೆ ಎಂದ. ಊರ ಕುರಿಗಳಿಗೆ ಕಂಚಾದ ಗೇಟು ತೆಗೆಯಿರಿ ಎನ್ನುತ್ತಿದ್ದಾನೆ ಎಂದ.

“ಇಂಗ್ಲೆಂಡಿನ ಬಾದಶಾನನ್ನು ಹುಲ್ಲು ಕೇಳಿದನೇ?”

“ಆಗ ಅವನನ್ನು ಕೇಳಲು ಹೋಗಿದ್ದ, ಸಾರ್. ಕೇಳುವ ಮುಂಚೆಯೇ ಹವಾಲಾತಿಗೆ ಹಾಕಿದರು. ಈಗ ತಮ್ಮನ್ನು ಕೇಳುತ್ತಿದ್ದಾನೆ.”

ಬಂಡೆಪ್ಪ ಎದ್ದು ಮೇಜಿನ ಮೇಲಿದ್ದ ತಾಮ್ರಪತ್ರವನ್ನು ಎರಡು ಬೆರಳಲ್ಲಿ ಸಾಹೇಬರ ಕಡೆಗೆ ಸರಿಸಿದ. “ಸಾಹೇಬ್ರ, ನಾ ಬಾದಶಾಗ ಬೈದಿಲ್ಲ, ಹೊಗಳೀನಿ. ಬೈದಾಕಿ ಅಲ್ಲಿ ಕುಂತಾಳ ನೋಡ್ರಿ. ಈ ತಾಮ್ರ ನನ್ನ ಕುರಿ ತಿನ್ನಂಗಿಲ್ಲ. ನನಗ ಹುಲ್ಲು ಕೊಡ್ರಿ, ಸಾಕು. ಈ ವೈಜಿನಾಥಂದು ಏನೂ ತಪ್ಪಿಲ್ರಿ, ಉರ್ದು ಬುಕ್ಕಿನ್ಯಾಗ ಹಂಗ ಬರದಾರ.”

ಎಲ್ಲರೂ ಸಕ್ಕುಬಾಯಿಯ ಕಡೆ ತಿರುಗಿದರು. ಅವಳು ಕೂತಲ್ಲಿಂದಲೇ, “ನನಗ ಯಾಕ್ರೀ ತಾಮ್ರ? ನಾ ಬೈದು ಶಾಲು ಹೊತ್ತಾಕಿ. ಒಂದು ಪದಕ್ಕ ಎರಡು ಇನಾಮು ತಗೊಂಡ್ರ ನಾಲಿಗಿ ಹುಳಾ ಬೀಳ್ತದ” ಎಂದಳು.

ವೈಜಿನಾಥ ಅದನ್ನೂ ತೆಲುಗಿಗೆ ಹಾಕಿದ. ಈ ಸಲ ಮೊದಲು ನಕ್ಕವರು ಸಾಹೇಬರೇ. ನಕ್ಕು, ಕನ್ನಡಕ ಒರೆಸಿಕೊಂಡು, ತಾಮ್ರಪತ್ರವನ್ನು ಪೆಟ್ಟಿಗೆಯೊಳಗೆ ಇಡಿಸಿದರು. ಆಮೇಲೆ ಬಂಡೆಪ್ಪನಿಗೆ ಮೃದುವಾಗಿ ಹೇಳಿದರು. ಹೀಗೆ ಬಾಯಲ್ಲಿ ಕೇಳಿದರೆ ಸರ್ಕಾರದಲ್ಲಿ ನಡೆಯುವುದಿಲ್ಲ, ಒಂದು ಅರ್ಜಿ ಬರೆದು ಕೊಡು ಎಂದು.

ಬಂಡೆಪ್ಪ ಹೆಬ್ಬೆಟ್ಟು ಎತ್ತಿ ತೋರಿಸಿದ. “ಬರಿಯಾಕ ಬರಂಗಿಲ್ರೀ ಸಾಹೇಬ್ರ. ಅದಕ್ಕೇ ಹಾಡೀನಿ.”

ಅರ್ಥ ಕೇಳಿದ ಮೇಲೆ ಸಾಹೇಬರು ತಮ್ಮ ಪೆನ್ನು ತೆಗೆದು ವೈಜಿನಾಥನ ಕೈಗೆ ಕೊಟ್ಟರು. ಮುದುಕ ಹೇಳಿದಂತೆಯೇ ಬರೆ, ಒಂದು ಅಕ್ಷರ ಬಿಡಬೇಡ ಎಂದರು. ಬಂಡೆಪ್ಪ ಐದು ಸಾಲನ್ನೂ ಬಿಡಿಸಿ ಬಿಡಿಸಿ ಹೇಳಿದ. ದೊರೆ ಎಂಬಲ್ಲಿ ಕಲೆಕ್ಟರ್ ಎಂದು ಹಾಕಲೇ ಎಂದು ವೈಜಿನಾಥ ಕೇಳಿದ್ದಕ್ಕೆ, ಪದ ಕೆಡುತ್ತದೆ, ಬೇಡ ಎಂದ. ಕೆಳಗೆ ಹೆಬ್ಬೆಟ್ಟು ಒತ್ತಿದ.

ಊರಿಗೆ ಮರಳುವಾಗ ಲಾರಿಯಲ್ಲಿ ಶಿವರಾಯ ಅಪ್ಪನಿಗೆ ಬೆನ್ನು ಹಾಕಿ ಕೂತ. ಒಂದು ತಿಂಗಳು ಮಾತಾಡಿಸಲಿಲ್ಲ. ಬಂಡೆಪ್ಪನಿಗೆ ಸಂಕಟವಾಯಿತು, ಆದರೆ ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ. ಸಕ್ಕುಬಾಯಿ ಮಾತ್ರ ದಾರಿಯುದ್ದಕ್ಕೂ, “ಹದಿನೈದು ದಿನ ಕಲಿಸಿದ್ದು ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು” ಎಂದು ಬೈಯುತ್ತಾ ಬಂದಳು. ಬೈಯುತ್ತಾ ಬೈಯುತ್ತಾ ಅವನಿಗೊಂದು ಬಾಳೆಹಣ್ಣು ಕೊಟ್ಟಳು.

ದಸರೆ ಕಳೆದು ನಾಲ್ಕು ದಿನಕ್ಕೆ ಕಾವಲುಗಾರ ಪೋಚಪ್ಪ ಕೀಲಿಕೈ ಹಿಡಿದು ಬಂದ. “ಆರ್ಡರ್ ಬಂದದ ಮಾಮಾ. ವಾರದಾಗ ಮೂರು ದಿನ ಮೇಯಿಸ್ರಿ ಅಂದಾರ” ಎಂದು ಗೇಟು ತೆಗೆದ. ಊರೆಲ್ಲ ಸೇರಿತ್ತು. ಬಂಡೆಪ್ಪ ಹಿಂಡನ್ನು ಹೊಡೆದುಕೊಂಡು ಬಂದ. ಶಿವರಾಯನೂ ಹಿಂದಿನಿಂದ ಬಂದು ನಿಂತ.

ಗೇಟು ಹಾರುಹೊಡೆದಿತ್ತು, ಒಳಗೆ ಮೊಣಕಾಲುದ್ದ ಹುಲ್ಲು ಗಾಳಿಗೆ ತೂಗುತ್ತಿತ್ತು. ಕುರಿಗಳು ಗೇಟಿನವರೆಗೆ ಬಂದು ಗಕ್ಕನೆ ನಿಂತವು. ಮುಂದಿನವು ಹಿಂದಕ್ಕೆ ತಿರುಗಿದವು. ಅಲ್ಲಿ ಕಾಲಿಟ್ಟಾಗೆಲ್ಲ ಏಟು ತಿಂದ ಕುರಿಗಳು ಅವು, ಏಟು ತಿಂದ ಕುರಿಗಳ ಮರಿಗಳು. ಶಿವರಾಯ ಹಿಂದಿನಿಂದ ಎಷ್ಟು ದಬ್ಬಿದರೂ ಒಂದೂ ಒಳಗೆ ಹೋಗಲಿಲ್ಲ. ಪೋಚಪ್ಪ ತನ್ನ ದೊಣ್ಣೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ, ಆಗಲೂ ಹೋಗಲಿಲ್ಲ.

ಬಂಡೆಪ್ಪ ಕೆರ ಕಳಚಿ ತಾನೇ ಮೊದಲು ಒಳಗೆ ಹೋದ. ಹತ್ತು ಹೆಜ್ಜೆ ನಡೆದು ಹುಲ್ಲಿನ ನಡುವೆ ಕುಕ್ಕರುಗಾಲಲ್ಲಿ ಕೂತ. ಒಂದು ಹಿಡಿ ಹುಲ್ಲು ಕಿತ್ತು ಕೈಯಲ್ಲಿ ಹಿಡಿದ. ಮುಖದ ತುಂಬ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಬರ್ರೇ ನನ್ನವ್ವ, ಬರ್ರಿ” ಎಂದು ಕರೆದ. “ಯಾರೂ ಹೊಡಿಯಂಗಿಲ್ಲ. ಬರ್ರಿ.”